ಕಲ್ಲು ಮಗುಚುವ ಮಾಸ್ತರನ ಪಾಡು

ಮನುಷ್ಯನಿಗೆ ಒಂದು ಹವ್ಯಾಸ ಇರಬೇಕು ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಅದು ಕಲ್ಲು ಎತ್ತಿ ನೋಡುವ ಹವ್ಯಾಸ ಆಗಿರಬಾರದು ಎಂದು ಮಾತ್ರ ಯಾರೂ ಎಚ್ಚರಿಸುವುದಿಲ್ಲ. ನನಗೆ ಹುಳಗಳ ಹುಚ್ಚು. ಶಹಾಪುರದ ಶಾಲೆಯಲ್ಲಿ ವಾರವೆಲ್ಲ ಪಾಠ ಹೇಳಿ, ರವಿವಾರ ಗುಡ್ಡ ಹತ್ತಿ, ಕಲ್ಲು ಮಗುಚಿ, ಅಡಿಯಲ್ಲಿ ಸಿಕ್ಕಿದ್ದನ್ನು ಬೆಂಕಿಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತಿದ್ದೆ. ಆಗ ನಿಜಾಮರ ಆಡಳಿತ ಮುಗಿದ ಹೊಸತು. ಗಲಾಟೆಯ ದಿನಗಳಲ್ಲಿ ಊರು ಬಿಟ್ಟು ಓಡಿದವರು ಒಡವೆಗಳನ್ನು ಗುಡ್ಡದಲ್ಲಿ ಹೂತಿಟ್ಟು ಹೋಗಿದ್ದರು. ತಿರುಗಿ ಬಂದ ಮೇಲೆ, ಯಾವ ಕಲ್ಲಿನಡಿ ಎಂಬುದು ಅರ್ಧ ಜನಕ್ಕೆ ಮರೆತೇಹೋಗಿತ್ತು. ಇಂಥ ಊರಿನಲ್ಲಿ ನನ್ನನ್ನು ಯಾರು ನಂಬುತ್ತಾರೆ?

ಪಕ್ಕದ ಮನೆಯ ಶರಣಮ್ಮ ತನ್ನ ಬೋರಮಾಳ ಸರವನ್ನು ಹೀಗೇ ಹೂತಿಟ್ಟು ಮರೆತವಳು. "ಮಾಸ್ತರ, ಗುಡ್ಡದಾಗ ಏನ್ ಹುಡಕಾಕತ್ತೀರಿ?" ಎಂದು ಕೇಳಿದಳು. ಹುಳ ಎಂದೆ. "ಹುಳಕ್ಕ ಅಷ್ಟ್ ದೂರ ಯಾಕ್ ಹೋಗಬೇಕ್ರಿ? ನಮ್ಮನಿ ತೊಗರಿ ಚೀಲದಾಗ ಬೇಕಾದಷ್ಟು ಅವ, ಬಂದು ಒಯ್ರಿ" ಎಂದಳು. ನಾನು ವಿವರಿಸಿದಷ್ಟೂ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗುತ್ತಿತ್ತು. ಹೆಂಡತಿಯಾದರೂ ನಂಬಲಿ ಎಂದು ಅವಳ ಮುಂದೆ ಗೋಳು ಹೇಳಿಕೊಂಡರೆ, "ಸಿಕ್ಕಿದ್ರ ನನಗರ ಹೇಳ್ತಿದ್ರೇನು ನೀವು?" ಎಂದಳು.

ನನ್ನ ಚಿಂತೆಯೇ ಬೇರೆ ಇತ್ತು. ಗುಡ್ಡದಲ್ಲಿ ಸಿಕ್ಕ ಹಸಿರು ಬಣ್ಣದ ರೆಕ್ಕೆಯ ತುಂಡೊಂದನ್ನು ಹೈದರಾಬಾದಿನ ಕಾಲೇಜಿನಲ್ಲಿದ್ದ ಗೆಳೆಯನಿಗೆ ತೋರಿಸಿದ್ದೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾರೂ ಕಾಣದ ಜಾತಿ ಇದ್ದೀತು. ಆದರೆ ಇಡೀ ಹುಳ ಬೇಕು" ಎಂದಿದ್ದ. ಹೊಸ ಹುಳಕ್ಕೆ ಅದನ್ನು ಕಂಡವನ ಹೆಸರನ್ನೂ ಇಡುತ್ತಾರಂತೆ. ಶಾಲೆಯ ಹಾಜರಿ ಪಟ್ಟಿ ಬಿಟ್ಟು ಬೇರೆಲ್ಲೂ ಕಾಣಿಸದ ನನ್ನ ಹೆಸರು ಲೋಕಕ್ಕೆಲ್ಲ ಗೊತ್ತಾಗುತ್ತದಲ್ಲ ಎಂದು ನನಗೆ ಊಟ ರುಚಿಸದಂತಾಯಿತು.

ಕೊನೆಗೊಂದು ರವಿವಾರ ದೊಡ್ಡ ಕಲ್ಲೊಂದನ್ನು ಮಗುಚಿದೆ. ಅಡಿಯಲ್ಲಿ ಅದೇ ಹುಳ, ಹಸಿರಿನ ಮೇಲೆ ಹೊನ್ನಿನ ಹೊಳಪು. ಎರಡೂ ಕೈಯಿಂದ ಬಾಚಿ, ಒಂದು ಮುಷ್ಟಿಯಲ್ಲಿ ಹುಳ, ಇನ್ನೊಂದರಲ್ಲಿ ಮಣ್ಣು ಹಿಡಿದು "ಸಿಕ್ತು!" ಎಂದು ಕೂಗಿಬಿಟ್ಟೆ. ತಕ್ಷಣ ಒಂದು ಬಂಡೆಯ ಹಿಂದಿನಿಂದ ಶರಣಮ್ಮ, ಇನ್ನೊಂದರ ಹಿಂದಿನಿಂದ ಕಿರಾಣಿ ಅಂಗಡಿಯ ಬಸಣ್ಣ, ಮೂರನೆಯದರ ಹಿಂದಿನಿಂದ ನನ್ನ ಹೆಂಡತಿ ಎದ್ದು ನಿಂತರು.

"ನಂದದ ಅದು!" ಎಂದಳು ಶರಣಮ್ಮ.

"ತಡಿಯವ್ವಾ, ಆ ಕಲ್ಲು ನಂದು," ಎಂದ ಬಸಣ್ಣ.

ಸಿಟ್ಟಿನಲ್ಲಿ ಮುಷ್ಟಿ ಬಿಚ್ಚಿ ತೋರಿಸಿದೆ. ಹುಳ ಒಂದು ಗಳಿಗೆ ಅಂಗೈ ಮೇಲೆ ಕೂತು, ಬಸಣ್ಣನ ರುಮಾಲಿನ ಮೇಲಿಂದ ಹಾರಿಹೋಯಿತು. ನನ್ನ ಹೆಸರೂ ಅದರ ಬೆನ್ನ ಮೇಲೇ ಹೋಯಿತು. ಅಳುವುದೊಂದು ಬಾಕಿ. "ಎಲ್ಲಾರೂ ನೋಡಿದ್ರಿಲ್ಲೋ?" ಎಂದು ಕೇಳಿದೆ.

"ಹುಳ ಹಾರಿದ್ದು ಖರೆ," ಎಂದಳು ನನ್ನ ಹೆಂಡತಿ. "ಇನ್ನೊಂದು ಮುಷ್ಟಿ ತೆಗೀರಿ."

ಆ ಹುಳ ಮತ್ತೆ ಕಣ್ಣಿಗೆ ಬಿದ್ದಿಲ್ಲ, ಶರಣಮ್ಮನ ಸರವೂ ಸಿಕ್ಕಿಲ್ಲ. ನಾನು ಈಗಲೂ ಗುಡ್ಡ ಹತ್ತುತ್ತೇನೆ, ಊರು ಈಗಲೂ ಅನುಮಾನದಿಂದ ನೋಡುತ್ತದೆ. ಮೊದಲು ಅದರಿಂದ ನನಗೆ ಸಿಟ್ಟು ಬರುತ್ತಿತ್ತು, ಈಗ ಬರುವುದಿಲ್ಲ. ಯಾಕೆಂದರೆ ಈಚೀಚೆಗೆ ಕಲ್ಲು ಮಗುಚಿದಾಗ ಅಡಿಯಲ್ಲಿ ಬರೀ ಹುಳ ಕಂಡರೆ ನನಗೇ ಕೊಂಚ ನಿರಾಸೆಯಾಗುತ್ತದೆ.