ಕಫಕ್ಕೊಂದು ಶೇಡ್ ಕಾರ್ಡ್

ಬಣ್ಣದ ವಿಷಯದಲ್ಲಿ ನನಗೆ ಯಾರೂ ಮೋಸ ಮಾಡಲಾರರು. ಮೂಡುಬಿದಿರೆಯಲ್ಲಿ ಮೂವತ್ತು ವರ್ಷ ಟೈಲರ್ ಅಂಗಡಿ ನಡೆಸಿದವನು ನಾನು. ರವಿಕೆ ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಅದಕ್ಕೆ ಸರಿಹೊಂದುವ ನೂಲನ್ನು ಒಂದೇ ಸಲಕ್ಕೆ ತೆಗೆಯುತ್ತಿದ್ದೆ. ಹಾಗಾಗಿ ಒಂದು ಬೆಳಿಗ್ಗೆ ಕೆಮ್ಮಿದಾಗ ಬಂದ ಕಫ ಬಿಳಿಯಲ್ಲ ಎಂಬುದು ತಕ್ಷಣ ತಿಳಿಯಿತು. ಯಾವ ಬಣ್ಣ ಎಂಬುದು ಮಾತ್ರ ತಿಳಿಯಲಿಲ್ಲ. ಬೂದು ಎನ್ನೋಣವೆಂದರೆ ಕಂದು ಕಾಣುತ್ತಿತ್ತು. ಕಂದು ಎನ್ನೋಣವೆಂದರೆ ನಡುವೆ ಕಪ್ಪು ಎಳೆ.

ನನ್ನ ಹೆಂಡತಿ ಲಲಿತಾ ತೀರಿಹೋಗಿ ಆಗ ಏಳು ತಿಂಗಳು. ಅವಳ ಕಾಯಿಲೆ ಶುರುವಾದದ್ದು ಹೊಟ್ಟೆನೋವಿನಿಂದ. ಗ್ಯಾಸ್ಟ್ರಿಕ್ ಇರಬೇಕೆಂದು ಇಬ್ಬರೂ ಸೇರಿ ಒಂದು ಮಳೆಗಾಲ ಕಳೆದೆವು. ಕೊನೆಗೆ ಡಾಕ್ಟರು ನೋವು ಹೇಗಿತ್ತು, ಯಾವಾಗಿನಿಂದ ಎಂದು ಕೇಳಿದಾಗ ಇಬ್ಬರಿಗೂ ಸರಿಯಾಗಿ ಹೇಳಲು ಬರಲಿಲ್ಲ. ಈ ಸಲ ಹಾಗಾಗಬಾರದು, ಬಣ್ಣವನ್ನು ನಿಖರವಾಗಿ ಹೇಳಬೇಕು ಎಂದು ತೀರ್ಮಾನಿಸಿದೆ. ನಿಖರವಾಗಿ ಹೇಳಲು ಬರುವವರೆಗೆ ಡಾಕ್ಟರ ಬಳಿ ಹೋಗುವುದು ಬೇಡ ಎಂದೂ ತೀರ್ಮಾನಿಸಿದೆ. ಹೆದರಿದವನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ!

ಪೇಂಟ್ ಅಂಗಡಿಗೆ ಹೋಗಿ, ಬಣ್ಣಗಳನ್ನು ಹೆಸರಿನೊಂದಿಗೆ ಅಚ್ಚು ಹಾಕಿದ ಒಂದು ಶೇಡ್ ಕಾರ್ಡ್ ಕೇಳಿದೆ. ಹೊರಗೋಡೆಗೋ ಒಳಗೋಡೆಗೋ ಎಂದು ಅಂಗಡಿಯವರು ಕೇಳಿದರು. ಒಳಗಿನದ್ದು ಎಂದೆ. ಅದು ಸುಳ್ಳಲ್ಲ.

ಮರುದಿನದಿಂದ ಬೆಳಿಗ್ಗೆ ಬಾವಿಕಟ್ಟೆಯ ಬಳಿ ಬಿಳಿ ಬಸಿ ಇಟ್ಟುಕೊಂಡು ಕೆಮ್ಮುವುದು, ಕಾರ್ಡನ್ನು ಪಕ್ಕಕ್ಕೆ ಹಿಡಿದು ನೋಡುವುದು, ಪುಸ್ತಕದಲ್ಲಿ ಬರೆದಿಡುವುದು. ಸೋಮವಾರ, ಮಿಸ್ಟಿ ಗ್ರೇ. ಮಂಗಳವಾರ, ವಾಲ್‌ನಟ್. ಬುಧವಾರ ಎರಡರ ನಡುವೆ ಬಂತು. ಆ ಇಡೀ ದಿನ ಊಟ ಸೇರಲಿಲ್ಲ.

ಗುರುವಾರ ಪಕ್ಕದ ಮನೆಯ ಗಿರಿಜಕ್ಕ ಬೇಲಿಯಾಚೆಯಿಂದ ಕಾರ್ಡ್ ನೋಡಿ, ಯಾವ ಬಣ್ಣ ಎಂದು ಕೇಳಿದರು. ನಾಚಿಕೆಯಿಂದ ಬಸಿಯನ್ನು ಬೆನ್ನ ಹಿಂದೆ ಅಡಗಿಸಿ, ಇನ್ನೂ ನಿರ್ಧಾರವಾಗಿಲ್ಲ ಎಂದೆ. ಶುಕ್ರವಾರ ಶಿರ್ತಾಡಿಯ ಬಸ್ಸಿನಲ್ಲಿ ನಾನು ಮನೆಗೆ ಬಣ್ಣ ಹೊಡೆಸುತ್ತೇನೆ ಎಂದು ಸುದ್ದಿಯಾಯಿತು. ಶನಿವಾರ ಅದಕ್ಕೆ ಕಾರಣವೂ ಹುಟ್ಟಿತು. ನನಗೆ ಎರಡನೇ ಮದುವೆಗೆ ಹೆಣ್ಣು ಗೊತ್ತಾಗಿದೆಯಂತೆ! ಇದೆಲ್ಲ ನನ್ನ ಕಿವಿಗೆ ಬಿದ್ದದ್ದು ಆಮೇಲೆ.

ಭಾನುವಾರ ಲಲಿತಾಳ ತಮ್ಮ ಸುರೇಶ ಬಂಟ್ವಾಳದಿಂದ ಬೈಕಿನಲ್ಲಿ ಬಂದ. ಕೊಟ್ಟ ನೀರನ್ನು ಕುಡಿಯಲಿಲ್ಲ. ಲೋಟವನ್ನು ಪಕ್ಕಕ್ಕಿಟ್ಟು ಹೇಳಿದ:

"ಭಾವ, ಅಕ್ಕನ ವರ್ಷದ ಕಾರ್ಯ ಆಗುವವರೆಗಾದ್ರೂ ನೀವು ತಡಿಬಹುದಿತ್ತು."

ಕಫದ ವಿಷಯ ಬಂಟ್ವಾಳದವರೆಗೆ ಹೋಗಿದೆ, ಇವನು ನನ್ನ ಸಾವಿನ ಮಾತಾಡುತ್ತಿದ್ದಾನೆ ಎಂದುಕೊಂಡೆ.

"ಅದು ನನ್ನ ಕೈಯಲ್ಲಿ ಉಂಟಾ ಮಾರಾಯ? ಬಂದಾಗ ಹೋಗಬೇಕಲ್ಲ."

"ಎಲ್ಲಿಗೆ ಹೋಗುದು? ಅವರೇ ಇಲ್ಲಿಗೆ ಬರುದಿಲ್ವಾ?"

ಅವನಿಗೆ ಅರ್ಥ ಮಾಡಿಸಲು ಬೇರೆ ದಾರಿ ಕಾಣದೆ ಪುಸ್ತಕವನ್ನೇ ಕೈಗಿಟ್ಟೆ. ಅವನು ಸೋಮವಾರದಿಂದ ಶನಿವಾರದವರೆಗೆ ಓದಿದ. ನಗಲಿಲ್ಲ. ನೀರಿನ ಲೋಟ ಎತ್ತಿ ಒಂದೇ ಸಲಕ್ಕೆ ಕುಡಿದು, "ಅಂಗಿ ಹಾಕಿ, ನಾಳೆ ಅಂತ ಇಲ್ಲ, ಈಗಲೇ ಹೋಗುವ" ಎಂದ.

ಡಾಕ್ಟರು ನನಗೆ ಮಗಳಾಗಬಹುದಾದ ಪ್ರಾಯದವರು. ಪುಸ್ತಕವನ್ನು ಗೌರವದಿಂದ ನೋಡಿ ಮುಚ್ಚಿದರು. ಬಣ್ಣ ನೋಡಿ ಇಂಥದ್ದೇ ಎಂದು ಹೇಳಲಾಗದು, ಶೀತವಿರಬಹುದು, ಸೈನಸ್ ಇರಬಹುದು, ಸೋಂಕು, ಕ್ಷಯ, ಬೀಡಿ, ಧೂಳು, ಹೊಗೆ, ಯಾವುದೂ ಇರಬಹುದು ಎಂದರು. ಬೀಡಿಯೊಂದನ್ನು ಬಿಟ್ಟು ಉಳಿದವನ್ನೆಲ್ಲ ನಾನು ನನ್ನದೆಂದು ಒಪ್ಪಿಕೊಂಡೆ. ಎಕ್ಸ್‌ರೇ ಆಯಿತು. ಕಫದ ಪರೀಕ್ಷೆಗೆ ಡಬ್ಬಿ ಕೊಟ್ಟರು. ಫಲಿತಾಂಶ ಬರುವವರೆಗೆ ಸುರೇಶ ಊರಿಗೆ ಹೋಗದೆ ನಮ್ಮಲ್ಲೇ ಉಳಿದ. ಇಬ್ಬರೂ ಗಂಜಿ ಉಂಡೆವು.

ಫಲಿತಾಂಶದಲ್ಲಿ ಎಲ್ಲವೂ ಸರಿ ಇತ್ತು. ಆಗ ಡಾಕ್ಟರು, ದಿನವಿಡೀ ಏನು ಮಾಡುತ್ತೀರಿ ಎಂದು ಕೇಳಿದರು. ಹೆಂಡತಿ ಹೋದ ಮೇಲೆ ಅಂಗಡಿ ಮುಚ್ಚಿದ್ದೇನೆ, ಅವಳು ನೋಡಿಕೊಳ್ಳುತ್ತಿದ್ದ ರಬ್ಬರ್ ತೋಟವನ್ನು ನಾನು ನೋಡುತ್ತೇನೆ, ದಿನಾ ಹೊಗೆಮನೆಯೊಳಗೆ ಕೂತು ಬೆಂಕಿ ಊದಿ ರಬ್ಬರ್ ಹಾಲಿನ ಶೀಟುಗಳನ್ನು ಹೊಗೆಗೆ ಒಣಗಿಸುತ್ತೇನೆ ಎಂದೆ. ಅವಳು ಇಪ್ಪತ್ತು ವರ್ಷ ಅದನ್ನೇ ಮಾಡಿದ್ದಳು, ಒಂದು ದಿನ ಕೆಮ್ಮಲಿಲ್ಲ ಎಂದೂ ಹೇಳಿದೆ.

"ಅವರು ಹೇಗೆ ಮಾಡ್ತಿದ್ರು?" ಎಂದು ಕೇಳಿದರು.

ನಾನು ಅದನ್ನು ನೋಡಿದ್ದೇ ಇಲ್ಲ. ನಾನು ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದವನು.

ಮನೆಗೆ ಬಂದವನೇ ಸುರೇಶ ಹೊಗೆಮನೆಯ ಹಿಂದಕ್ಕೆ ಹೋಗಿ, ಗೋಡೆಗೆ ಒರಗಿಸಿಟ್ಟ ತಗಡನ್ನು ಸರಿಸಿದ. ಅಲ್ಲಿ ಒಂದು ಒಲೆಬಾಯಿ ಇತ್ತು.

"ಅಕ್ಕ ಹೊರಗಿಂದಲೇ ಸೌದೆ ತಳ್ತಿದ್ದಳು ಭಾವ. ನೀವು ಇಷ್ಟು ದಿನ ಒಳಗೆ ಹೊಗೆಯಲ್ಲಿ ಕೂತದ್ದಾ?"

ಆಸ್ಪತ್ರೆಯ ಕೊನೆಯ ದಿನಗಳಲ್ಲಿ ಲಲಿತಾಳನ್ನು ನಾನು ಏನೆಲ್ಲ ಕೇಳಿದ್ದೆ. ರೇಷನ್ ಕಾರ್ಡ್ ಎಲ್ಲಿದೆ, ಗ್ಯಾಸಿನ ಪುಸ್ತಕ ಎಲ್ಲಿದೆ, ಈ ವರ್ಷದ ಉಪ್ಪಿನಕಾಯಿ ಯಾವ ಭರಣಿಯಲ್ಲಿದೆ. ಬೆಂಕಿ ಹಾಕುವುದು ಎಲ್ಲಿಂದ ಎಂದು ಕೇಳಲಿಲ್ಲ. ಅದೊಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ.