ಸೋಮವಾರದ ಬಾಣಂತಿ

ನಮ್ಮ ಅತ್ತಿಗೆ ಪ್ರತಿ ಸೋಮವಾರ ಬಾಣಂತಿಯಾಗುತ್ತಾರೆ. ಹುಬ್ಬೇರಿಸಬೇಡಿ! ವಯಸ್ಸು ಐವತ್ತರ ಹತ್ತಿರ, ಇರುವ ಒಬ್ಬಳೇ ಮಗಳು ಕಾಲೇಜು ಮುಗಿಸುತ್ತಿದ್ದಾಳೆ, ತೊಟ್ಟಿಲು ಅಟ್ಟದ ಮೇಲೆ ಧೂಳು ತಿನ್ನುತ್ತಿದೆ. ಆದರೂ ಸೋಮವಾರ ಬೆಳಗಾಯಿತೆಂದರೆ ತಲೆಗೆ ಹಳೆಯ ಪಂಚೆಯ ತುಂಡು ಬಿಗಿದು, ಕಿವಿಗೆ ಹತ್ತಿ ತುರುಕಿಕೊಂಡು ನಡುಮನೆಯ ಮಂಚದ ಮೇಲೆ ಮಲಗಿರುತ್ತಾರೆ. ಮಂಗಳವಾರ ಅದೇ ಬಾಣಂತಿ ಸೈಕಲ್ ಹತ್ತಿ ಪುಲ್ಪಳ್ಳಿಯ ಖಾಸಗಿ ಬಸ್ಸನ್ನು ಹಿಂದಿಕ್ಕುತ್ತಾರೆ! ಇಂಥ ಬಾಣಂತಿಯನ್ನು ನೀವೆಲ್ಲಾದರೂ ಕಂಡಿದ್ದೀರಾ?

ಮೊದಲಿನಿಂದ ಹೇಳುತ್ತೇನೆ. ನಮ್ಮದು ಗಡಿಯಾಚೆ, ಮಲಯಾಳದ ನಾಡಾದ ಪುಲ್ಪಳ್ಳಿಯಲ್ಲಿ ಮೆಣಸು, ಕಾಫಿ ಕೊಳ್ಳುವ ಅಂಗಡಿ. ಹಿಂದೆ ಮನೆ, ಪಕ್ಕದಲ್ಲಿ ಕಾಫಿ ಒಣಗಿಸುವ ಕಣ, ಅದರಾಚೆ ಒಂದಿಷ್ಟು ತೋಟ. ಅಪ್ಪ ಅವ್ವ ನಂಜನಗೂಡಿನ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಅಪ್ಪ ಈಗಿಲ್ಲ, ಅಂಗಡಿ ಅಣ್ಣನದು ಮತ್ತು ನನ್ನದು, ಮನೆ ಅತ್ತಿಗೆಯದು, ನಮ್ಮೆಲ್ಲರ ಮೇಲಿನ ದರ್ಬಾರು ಅವ್ವನದು.

ಅತ್ತಿಗೆಗೆ ಮಂಡಿನೋವು ಬಂದಾಗ ಡಾಕ್ಟರು "ದಿನಾ ಸ್ವಲ್ಪ ನಡೆಯಿರಿ" ಎಂದರು. ಪಾಪ, ನಮ್ಮ ಅತ್ತಿಗೆಗೆ ಸ್ವಲ್ಪ ಎಂಬುದೇ ಬರುವುದಿಲ್ಲ ಎಂದು ಆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಸಾಂಬಾರು ಮಾಡಿದರೆ ಬೀದಿಗೆಲ್ಲ ಆಗುವಷ್ಟು ಮಾಡುವ ಹೆಂಗಸು! ನಡೆಯತೊಡಗಿದವರು ಓಡತೊಡಗಿದರು. ಓಡತೊಡಗಿದವರು ಮಗಳ ಸೈಕಲ್ ಕಿತ್ತುಕೊಂಡರು. ಕಪಿಲೆಯ ದಂಡೆಯಲ್ಲಿ ಹುಟ್ಟಿದವರಾದ್ದರಿಂದ ಈಜು ಮೊದಲೇ ಬರುತ್ತಿತ್ತು. ಸುಲ್ತಾನ್ ಬತ್ತೇರಿಯ ಒಬ್ಬ ಡ್ರಿಲ್ ಟೀಚರು ಇದನ್ನೆಲ್ಲ ನೋಡಿ, "ಚೇಚೀ, ಅಕ್ಕಾ, ನಿಮಗೆ ಟ್ರಯಥ್ಲಾನ್ ಹೇಳಿ ಮಾಡಿಸಿದ ಹಾಗಿದೆ" ಎಂದುಬಿಟ್ಟರು. ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು, ನಡುವೆ ಕೂರಲು ಬಿಡದೆ ಮಾಡಿಸುವ ಸ್ಪರ್ಧೆ ಅದು.

"ಅದ್ರಲ್ಲೇನೈತೆ ಹೆಚ್ಚುಗಾರಿಕೆ? ಬೆಳಗಾದ್ರೆ ನಾನು ಮೂರು ಒಲೆ ಒಟ್ಟಿಗೇ ನೋಡ್ಕೊತೀನಿ" ಎಂದರು ಅತ್ತಿಗೆ.

ಸೈಕಲ್ಲಿನ ಅಭ್ಯಾಸ ಬಸ್ಸಿನ ದಾರಿಯಲ್ಲಿ. ಮೊದಮೊದಲು ಬಸ್ಸಿನ ಕಿಳಿ, ಅಂದರೆ ಕ್ಲೀನರ್ ಹುಡುಗ, ಬಾಗಿಲಲ್ಲಿ ನೇತಾಡುತ್ತ "ಚೇಚೀ, ಕಯರಿಕ್ಕೋ! ಹತ್ತಿಕೊಳ್ಳಿ, ಸೈಕಲ್ಲನ್ನ ಬಸ್ಸಿನ ಮೇಲೆ ಹಾಕ್ತೀನಿ" ಎಂದು ಕರುಣೆ ತೋರುತ್ತಿದ್ದ. ಈಗ ಏರಿನಲ್ಲಿ ಅತ್ತಿಗೆಯೇ ಬಸ್ಸನ್ನು ದಾಟುತ್ತಾರೆ. ಆಗ ಕಿಟಕಿಯ ಸೀಟಿನವರೆಲ್ಲ ಡ್ರೈವರನ್ನು ಹಂಗಿಸುತ್ತಾರೆ.

ಈಜಿನ ಅಭ್ಯಾಸ ಪಕ್ಕದ ತೋಟದ ಕೊಳದಲ್ಲಿ, ಇಲ್ಲಿಯವರ ಬಾಯಲ್ಲಿ ಅದು ಕುಳ. ಅಲ್ಲೊಂದು ತಕರಾರು ಹುಟ್ಟಿತು. ಸೊಸೆ ಮುಳುಗಿಹೋದರೆ ಏನು ಗತಿ ಎಂದು ಅವ್ವ ಹಟ ಹಿಡಿದಳು. ಕೊನೆಗೆ ಸೊಸೆಯ ಸೊಂಟಕ್ಕೆ ಮೆಣಸಿನ ಏಣಿ ಕಟ್ಟುವ ಹಗ್ಗ, ಅದರ ಇನ್ನೊಂದು ತುದಿ ದಂಡೆಯಲ್ಲಿ ಕೂತ ಅತ್ತೆಯ ಕೈಯಲ್ಲಿ! ಅತ್ತಿಗೆ ಒಂದು ಗಳಿಗೆ ಹೆಚ್ಚು ಹೊತ್ತು ತಲೆ ಮುಳುಗಿಸಿದರೆ ಸಾಕು, ಅವ್ವ ದರದರ ಎಳೆಯುತ್ತಿದ್ದಳು. ಅತ್ತಿಗೆ ಮುಂದಕ್ಕೆ ಈಜಿದಷ್ಟೇ ಹಿಂದಕ್ಕೂ ಬರುತ್ತಿದ್ದರು.

ಇಷ್ಟೆಲ್ಲ ಮಾಡಿ ಮೊದಲ ಸಲ ಮೈಸೂರಿನಾಚೆಯ ಒಂದು ಕೆರೆಯ ಬಳಿ ನಡೆದ ಸ್ಪರ್ಧೆಗೆ ಹೋದರಲ್ಲ, ಏನಾಯಿತು ಗೊತ್ತೇ? ಈಜಿದರು, ಸೈಕಲ್ ತುಳಿದರು, ಓಟದ ನಡುವೆ ಮೀನಖಂಡ ಹಿಡಿದುಕೊಂಡು ರಸ್ತೆಯಲ್ಲೇ ಕೂತರು. ಹಿಂದೆ ಬರುತ್ತಿದ್ದ ವ್ಯಾನಿನವರು ಎತ್ತಿ ಕೂರಿಸಿಕೊಂಡು ಬಂದರು. ಮುಗಿತಾಯದ ಗೆರೆಯನ್ನು ಅತ್ತಿಗೆ ವ್ಯಾನಿನಲ್ಲಿ ಕೂತು ದಾಟಿದರು. ಯಾವತ್ತೂ ಬಾಯಿ ಮುಚ್ಚದವರು ಅವತ್ತು ಗುಂಡ್ಲುಪೇಟೆ ದಾಟಿ, ಕಾಡು ದಾಟಿ, ಮನೆ ಮುಟ್ಟುವವರೆಗೂ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, "ಒಂದೇ ಒಂದ್ಸಲ ಆ ಗೆರೆನ ನನ್ನ ಕಾಲಲ್ಲೇ ದಾಟ್ಬೇಕು. ಆಮೇಲೆ ಬಿಟ್ಟರೂ ಬಿಟ್ಟೆ" ಎಂದರು.

ಟೀಚರು ವಿಚಾರಣೆಗೆ ಬಸ್ಸು ಹತ್ತಿ ಮನೆಗೇ ಬಂದರು.

"ಚೇಚೀ, ವಾರಕ್ಕೊಂದು ದಿನ ರೆಸ್ಟ್ ಅಂತ ಹೇಳಿದ್ದೆನಲ್ಲ. ಆ ದಿನ ಏನು ಮಾಡುತ್ತಿದ್ದಿರಿ?"

"ರೆಸ್ಟೇ ಮಾಡ್ತಿದ್ದೆ ಟೀಚರೇ. ಓಟ ಇಲ್ಲ, ಸೈಕಲ್ ಇಲ್ಲ. ಹೆಂಗೂ ಬಿಡುವಿತ್ತಲ್ಲ ಅಂತ ಕಣದಲ್ಲಿ ಒಣಗೋ ಕಾಫಿ ಗೋರೆಯಿಂದ ಎಳೆದು ಹರವಿ, ಕಂಬಳಿ ಎಲ್ಲಾ ಒಗೆದು, ದೋಸೆಗೆ ರುಬ್ಬಿ, ಅಟ್ಟ ಗುಡಿಸಿ, ಇವರ ಜೊತೆ ಒಂದಷ್ಟು ಮೂಟೆ ಎತ್ತಿಡ್ತಿದ್ದೆ. ಅಷ್ಟೇಯ."

ಟೀಚರು ಹಣೆ ಹಿಡಿದುಕೊಂಡರು. ದಣಿದ ಮೈ ಗಟ್ಟಿಯಾಗುವುದು ಓಡುವಾಗಲ್ಲ, ಮಲಗಿದಾಗ. ರೆಸ್ಟ್ ಕೂಡ ಅಭ್ಯಾಸವೇ, ಅದನ್ನು ತಪ್ಪಿಸಿದರೆ ಉಳಿದದ್ದೆಲ್ಲ ನೀರಲ್ಲಿ ಹೋಮ ಎಂದು ಮಲಯಾಳದಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಅದು ಅಣ್ಣನ ತಲೆಗೆ ಹೋಗಲಿಲ್ಲ. ಹೆಂಗಸು ಹಗಲಲ್ಲಿ ಮಲಗುವುದೆಂದರೇನು? ಜ್ವರವೂ ಇಲ್ಲದೆ? ನಾನೂ ಸುಮ್ಮನೆ ತಲೆಯಾಡಿಸಿದೆ. ಕದಕ್ಕೊರಗಿ ಕೇಳುತ್ತಿದ್ದ ಅವ್ವ ಮಾತ್ರ, "ಮನಸ್ಸಿಲಾಯಿ ಟೀಚರೇ!" ಎಂದಳು. ಅರ್ಥವಾಯಿತಂತೆ! "ಬಾಣಂತೀನ ನೋಡ್ಕೊಂಡಂಗೆ ನೋಡ್ಕೋಬೇಕು, ಅಷ್ಟೇ ತಾನೆ?"

ಟೀಚರು ಒಂದು ಕ್ಷಣ ತಬ್ಬಿಬ್ಬಾಗಿ, "ಹೌದು ಅಮ್ಮಚ್ಚೀ, ಹಾಗೇ! ನಿಮಗೆ ಬಾಣಂತನ ಯಾರು ಮಾಡಿದ್ದು?" ಎಂದು ಕೇಳಿದರು.

ಅವ್ವ ನಕ್ಕಳು. "ನಂಗೆಲ್ಲಿ ಬಾಣಂತನ? ತವರು ಹೊಳೆ ಆಚೆ. ಇಲ್ಲಿ ನಂಗೆ ಯಾರಿದ್ರು? ಇವನು ಹುಟ್ಟಿದ್ದು ಮೆಣಸು ಕೊಯ್ಯೋ ಕಾಲ. ಇವನ ಹೊಕ್ಕುಳು ಬೀಳೋಕೆ ಮೊದ್ಲೇ ಎದ್ದು ಮೆಣಸು ತುಳೀತಿದ್ದೆ" ಎಂದು ಗದ್ದದಿಂದ ನನ್ನತ್ತ ತೋರಿಸಿದಳು. ನಾವೆಲ್ಲ ನಕ್ಕೆವು. ಅತ್ತಿಗೆ ನಗಲಿಲ್ಲ.

ಮುಂದಿನ ಸೋಮವಾರದಿಂದ ಶುರುವಾಯಿತು ನೋಡಿ! ಬೆಳಗ್ಗೆ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕಿ, ತಲೆಗೆ ಕಟ್ಟಿ, ಕಿವಿಗೆ ಹತ್ತಿಯಿಟ್ಟು ಮಲಗಿಸುವುದು. ಊಟಕ್ಕೆ ಮೆಣಸು ಬೆಳ್ಳುಳ್ಳಿ ಸಾರು. ಬಾಗಿಲಲ್ಲಿ ಕೋಲು ಹಿಡಿದು ಅವ್ವ. ಸೋಮವಾರ ತಣ್ಣೀರಿಗೆ ಬೆರಳು ತಾಗಿಸಿದರೆ ಸನ್ನಿ ಹಿಡಿಯುತ್ತದೆಂದು ಗದರುವ ಅದೇ ಅವ್ವ, ಮಂಗಳವಾರ ತಾನೇ ಹಗ್ಗ ಹಿಡಿದು ಸೊಸೆಯನ್ನು ಕುಳಕ್ಕೆ ಇಳಿಸುತ್ತಿದ್ದಳು!

ಅಡುಗೆ ಅಣ್ಣನ ಪಾಲಿಗೆ, ಪಾತ್ರೆ ನನ್ನ ಪಾಲಿಗೆ ಬಂತು. ಅಣ್ಣನ ಮೊದಲ ಉಪ್ಪಿಟ್ಟನ್ನು ನಾವು ಚಾಕುವಿನಿಂದ ಕೊಯ್ದು ತಿಂದೆವು. "ಚೆನ್ನಾಗೈತೆ ಅಲ್ವೇನೋ?" ಎಂದು ಬೇರೆ ಕೇಳಿದ. ಅಣ್ಣನ ಮುಖ ನೋಡಿ ಹೂಂ ಅಂದೆ.

ಅತ್ತಿಗೆ ಸುಲಭಕ್ಕೆ ಬಗ್ಗುವವರೇ? ಒಂದು ಸೋಮವಾರ ಬಚ್ಚಲಿಗೆ ಹೋಗುವ ನೆಪ ಹೇಳಿ ಹಿತ್ತಲಿನಿಂದ ಕಣಕ್ಕೆ ನುಸುಳಿ, ಕಾಫಿ ಎಳೆಯತೊಡಗಿದರು. ಅವ್ವ ಕೂಗಿದಳು, ಬೈದಳು, ಕೋಲು ಕುಟ್ಟುತ್ತ ಬೆನ್ನ ಹಿಂದೆಯೇ ಬಂದು ನಿಂತಳು. ಅತ್ತಿಗೆ ಹಾಡು ಗುನುಗುತ್ತ ಎಳೆಯುತ್ತಲೇ ಇದ್ದರು. ಕಿವಿಯಲ್ಲಿ ಹತ್ತಿಯಿತ್ತಲ್ಲ, ಕೇಳಿಸಬೇಕಲ್ಲ!

ಆದರೆ ನಿಜ ಹೇಳಬೇಕು: ಅತ್ತಿಗೆಯ ಓಟ ಬದಲಾಯಿತು. ಮಂಗಳವಾರದ ಹೆಜ್ಜೆಯಲ್ಲಿ ಒಂದು ಪುಟಿತ ಬಂತು. ಮಂಡಿ ಗೊಣಗುವುದನ್ನು ಬಿಟ್ಟಿತು.

ಎರಡನೆಯ ಸಲ ಸ್ಪರ್ಧೆಗೆ ಇಡೀ ಮನೆಯೇ ಜೀಪು ಹತ್ತಿತು. ಅವ್ವ ಹಗ್ಗವನ್ನೂ ತಂದಿದ್ದಳು. ಕಟ್ಟುವ ಹಾಗಿಲ್ಲ ಎಂದು ಅಲ್ಲಿಯವರು ಕೈಮುಗಿದು ಹೇಳಿದರು. ಅತ್ತಿಗೆ ನೀರಿಗಿಳಿದರು. ಅವ್ವ ಹಗ್ಗದ ಒಂದು ತುದಿ ಹಿಡಿದು ದಂಡೆಯಲ್ಲಿ ನಿಂತೇ ಇದ್ದಳು. ಇನ್ನೊಂದು ತುದಿ ಕಾಲ ಬಳಿ ಬಿದ್ದಿತ್ತು. ಕೆರೆಯಿಂದ ಎದ್ದ ಅತ್ತಿಗೆ ಸೈಕಲ್ ಹತ್ತಿ ಮಾಯವಾದರು, ತಿರುಗಿ ಬಂದರು, ಓಟಕ್ಕೆ ಬಿದ್ದರು. ಆಮೇಲೆ ಕಾಯುವುದೇ ಕೆಲಸ. ಓಟ ಮುಗಿಸಲು ಕೊಟ್ಟ ಗಡುವು ಹತ್ತಿರ ಬಂತು. ಬೇರೆಯವರೆಲ್ಲ ಬರುತ್ತಿದ್ದಾರೆ, ನಮ್ಮವರು ಕಾಣುತ್ತಿಲ್ಲ! ತಿರುವಿನಲ್ಲಿ ಆ ಹಾಳು ವ್ಯಾನು ಕಾಣಿಸಿದಾಗ ಅಣ್ಣ ಕಣ್ಣು ಮುಚ್ಚಿಕೊಂಡ.

ವ್ಯಾನಿನ ಮುಂದೆ ಓಡಿ ಬರುತ್ತಿದ್ದವರು ಅತ್ತಿಗೆ!

"ಬಾರೇ ನನ್ನ ಬಾಣಂತೀ! ಬಾರೇ!" ಎಂದು ಅವ್ವ ಕೆರೆ ಅದುರುವಂತೆ ಕೂಗಿದಳು. ಸುತ್ತಲಿನವರು ಬಾಣಂತಿ ಓಡುತ್ತಿದ್ದಾಳೆಂದು ಗಾಬರಿಯಿಂದ ಕತ್ತು ಚಾಚಿದರು. ಅತ್ತಿಗೆ ಎರಡೂ ಕೈ ಮೇಲೆತ್ತಿ, ತಮ್ಮ ಕಾಲಲ್ಲೇ, ಗಡುವಿಗೆ ಮುಂಚೆ ಗೆರೆ ದಾಟಿದರು! ಅಣ್ಣ ಮಗುವಿನ ಹಾಗೆ ಅತ್ತ, ನಾನು ಶಿಳ್ಳೆ ಹೊಡೆದೆ. ಸ್ಪರ್ಧೆಯವರು ಅತ್ತಿಗೆಯ ಕೊರಳಿಗೆ ಪದಕ ಹಾಕುವಷ್ಟರಲ್ಲಿ ಅವ್ವ ಸೆರಗಿನ ಗಂಟಿನಿಂದ ಹತ್ತಿ ತೆಗೆದು ಸೊಸೆಯ ಕಿವಿಗೆ ತುರುಕಿಯಾಗಿತ್ತು.

ಮಾರನೆಯ ದಿನ ಸೋಮವಾರ. ಅವ್ವ ನೀರು ಕಾಯಿಸಲು ಹೋದರೆ ಹಂಡೆ ಆಗಲೇ ಕುದಿಯುತ್ತಿತ್ತು. ಅತ್ತಿಗೆ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದರು.

"ಕೂತ್ಕೊಳ್ಳಿ ಅತ್ತೆ. ಇವತ್ತು ನಿಮ್ದು."

"ಥೂ, ನಂಗ್ಯಾಕೆ? ಈ ವಯಸ್ಸಲ್ಲಿ ಬಾಣಂತನವೇ? ಕಂಡೋರು ನಗ್ತಾರೆ ಕಣೆ."

"ನಗ್ಲಿ. ನಿಮಗೆ ಆವತ್ತು ಯಾರೂ ಮಾಡ್ಲಿಲ್ಲ. ನಾನು ಮಾಡ್ತೀನಿ."

ಅವ್ವ ಮಣೆಯ ಮೇಲೆ ಕೂತಳು. ಎಣ್ಣೆ, ನೀರು, ಹೊಗೆ ಎಲ್ಲ ಆಯಿತು. ತಲೆಗೆ ಪಂಚೆಯ ತುಂಡು ಕಟ್ಟಿಸಿಕೊಂಡು ಮಂಚದ ಮೇಲೆ ಒರಗಿದಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ನಾನು ಕಂಡದ್ದೇ ಇಲ್ಲ. ಅವಳ ಕೈಗಳು ಏನು ಮಾಡಬೇಕೆಂದು ತೋಚದೆ ಹೊದಿಕೆಯ ಅಂಚನ್ನು ಮಡಚುತ್ತ ಬಿಚ್ಚುತ್ತ ಇದ್ದವು. ಬಾಗಿಲಲ್ಲಿ ಕೋಲು ಹಿಡಿದು ಅತ್ತಿಗೆ ಕೂತಿದ್ದರು. ನಾನು ಮೆಣಸಿನ ಸಾರಿನ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತೆ.

"ಎಲ್ಲೇ ಮಗು?" ಎಂದು ಕೂಗಿದಳು ಅವ್ವ, ತಮಾಷೆಗೆ. ಕಿವಿಯಲ್ಲಿ ಹತ್ತಿಯಿದ್ದದ್ದರಿಂದ ಕೂಗು ಅಂಗಡಿಯವರೆಗೂ ಹೋಯಿತು.

ಅತ್ತಿಗೆ ಲೋಟ ಇಸಿದುಕೊಂಡು ನನ್ನನ್ನು ಒಳಗೆ ತಳ್ಳಿದರು. "ಇಲ್ಲೇ ಐತಲ್ಲ ಅತ್ತೆ."

ಬೊಜ್ಜು ಹೊತ್ತ ನಾನು ಮಂಚದ ಅಂಚಿನಲ್ಲಿ ಕೂತೆ. ಅವ್ವ ನನ್ನ ತಲೆಯ ಮೇಲೆ ಕೈಯಾಡಿಸಿ, "ಅಯ್ಯೋ, ಆಗ್ಲೇ ನರೆತು ಹೋಗೈತಲ್ಲೋ ನಿನ್ನ ಕೂದ್ಲು" ಎಂದು ನಕ್ಕಳು. ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹಾಗೆಯೇ ನಿದ್ದೆ ಹೋದಳು.