ಮೂರನೇ ಪಟ್ಟಿ ಮತ್ತ ಕೋಗಿಲಬನದ ಫೋನು

ಫೌಜಿನ್ಯಾಗ ಬಡ್ತಿ ಅನ್ನೂದು ಒಬ್ಬಂಟಿಯಾಗಿ ಬಂದದ್ದ ನಾ ನೋಡಿಲ್ಲ. ಬರೂಮುಂದ ಜೋಡಿಗೆ ಒಂದು ಫಜೀತಿ ಕರಕೊಂಡ ಬರ್ತೈತಿ. ತೋಳಿಗೆ ಒಂದ ಪಟ್ಟಿ ಇದ್ರ ಲಾನ್ಸ್ ನಾಯಕ, ಎರಡಿದ್ರ ನಾಯಕ, ಮೂರಿದ್ರ ಹವಾಲ್ದಾರ. ಅದರ ಮ್ಯಾಲೆ ಹೆಗಲಿಗೆ ನಕ್ಷತ್ರ: ನಾಯಬ್ ಸುಭೇದಾರ, ಸುಭೇದಾರ, ಕಡೀಕ ಸುಭೇದಾರ ಮೇಜರ್. ನನಗ ಅಷ್ಟ ದೂರದ ಆಸೆ ಇರಲಿಲ್ಲ. ಮೂರ ಪಟ್ಟಿ ಬೇಕಾಗಿತ್ತು. ಅವಧಿ ಮುಗಿಯೂದ್ರಾಗ ಅದು ಬರಲಿಲ್ಲಂದ್ರ ಕೊಳ್ಳಾಗ ಮಾಲಿ ಹಾಕಿ ಊರಿಗೆ ಕಳಸ್ತಾರ.

೧. ಎಮ್ಮಿ ಕೊಡಿಸಿದ ಪಟ್ಟಿ

ನಮ್ಮಪ್ಪ ದಾಂಡೇಲಿ ಮಿಲ್ಲಿನ್ಯಾಗ ಮಶೀನ್ ಮುಂದ ಇದ್ದಾಂವ. ಮನ್ಯಾಗೂ ಮಶೀನ್ ನಡದೈತಿ ಅನ್ನೂಹಂಗ ಮಾತಾಡ್ತಿದ್ದ. ಆ ದನಿ ನನಗ ಬಂತು. ಒಂದಿನ ಪರೇಡಿನ್ಯಾಗ ಸುಭೇದಾರ ಸಾಹೇಬ್ರು ಒಬ್ಬೊಬ್ಬರ ಕಡಿಂದ ಹುಕುಂ ಹೇಳಿಸಿ ನೋಡಿದ್ರು. ನಾ ‘ಸಾವಧಾನ್’ ಅಂದೆ. ಮಂದಿ ನಿಂತ್ರು, ಅದೇನ ದೊಡ್ಡದಲ್ಲ. ಕಾಂಪೌಂಡಿನ ಆಚೆ ಹೊಂಟಿದ್ದ ಎಮ್ಮಿನೂ ನಾಕೂ ಕಾಲ ಜೋಡಿಸಿ ನಿಂತಿತು. ‘ಆರಾಮ್’ ಅನ್ನೂತನಕ ಬಾಲಾ ಸೈತ ಅಲಗಾಡಿಸಲಿಲ್ಲ. ಅವತ್ತ ಸಂಜಿಗೆ ಒಂದ ಪಟ್ಟಿ ಕೊಟ್ರು.

ನನ್ನ ಹೆಂಡ್ತಿ ದಾಂಡೇಲಿ ಹತ್ತರ ನಮ್ಮೂರು ಕೋಗಿಲಬನದಾಗ ಇದ್ಲು. ಅಲ್ಲಿ ಇದ್ದದ್ದು ಒಂದ ಫೋನು, ಚಾಚಾನ ಕಿರಾಣಿ ಅಂಗಡ್ಯಾಗ. ಫೋನ್ ಮಾಡಿ ಹೇಳಿದೆ.

“ಎರಡ ಪಟ್ಟಿ ಬಂದಾವಂತ ಚಾಚಾ,” ಅಂತ ಆಕಿ ಅಂಗಡಿಗೆಲ್ಲಾ ಕೇಳೂಹಂಗ ಅಂದ್ಲು.

“ಏ, ಒಂದ.”

“ಕೇಳಿಸೇತ್ರಿ,” ಅಂತ ದನಿ ಇಳಿಸಿದ್ಲು. “ಎಣ್ಣಿ ಒಯ್ಯಾಕ ಬಂದ ಮಂದಿ ನಿಂತೈತಿ. ಎರಡನೇದ್ದು ನೀವ ಸಾವಕಾಶ ತಗೋರಿ.”

೨. ಬ್ಯಾಸಗ್ಯಾಗ ಸ್ವೆಟರು

ಎರಡನೇದ್ದು ಖರೇನ ಬರೂದ್ರಾಗ ಆಕಿ ಮೂರಕ್ಕ ಹೋಗಿದ್ಲು. ಕೋಗಿಲಬನದಾಗ ನಾ ಹವಾಲ್ದಾರ, ಫೌಜಿನ್ಯಾಗ ನಾಯಕ. ಇನ್ನ ಎರಡ ಪಟ್ಟಿ ಮ್ಯಾಲೆ ಪಿಂಚಣಿ ತಗೊಂಡ ಬಂದ್ರ ಊರ ಮುಂದ ಆಕಿ ಸುಳ್ಳಬುರ್ಕಿ ಆಗಾಕಿ.

ಆ ವರ್ಷ ರಜಾಕ್ಕ ಬಂದಾಗ ತೋಳಿನ ಪಟ್ಟಿ ಮುಚ್ಚೂಹಂಗ ಯುನಿಫಾರ್ಮ್ ಮ್ಯಾಲೆ ಉಣ್ಣಿ ಸ್ವೆಟರ್ ಏರಿಸಿಕೊಂಡ ಹಳಿಯಾಳ ಬಸ್‌ಸ್ಟ್ಯಾಂಡಿನ್ಯಾಗ ಇಳದೆ. ಮೇ ತಿಂಗಳು. ಬೆವರು ಬೂಟಿನ್ಯಾಗ ತುಂಬಿ ಹೆಜ್ಜಿಗೊಮ್ಮೆ ಪಚಕ್ ಅಂತಿತ್ತು.

“ಕ್ಯಾ ಸಾಹೇಬ, ತಬಿಯತ್ ಛಲೋ ಇಲ್ಲೇನು?” ಅಂದ ಚಾಚಾ, ಕೋಗಿಲಬನದಾಗ ಅವನ ಅಂಗಡಿ ಮುಂದ ಹಾಯೂಮುಂದ.

ಬಾಜೂಕ ಹೊಂಟಿದ್ದ ಹೆಂಡ್ತಿ ಅಂದ್ಲು, “ಹಿಮದ ಗುಡ್ಡದಾಗ ಇದ್ದು ಬಂದಾರ. ಒಳಗಿನ ಥಂಡಿ ಇನ್ನೂ ಕರಗಿಲ್ಲ.”

೩. ನಕಾಶಿ

ಹವಾಲ್ದಾರ ಆಗಾಕ ಒಂದ ಕೋರ್ಸ್ ಇರ್ತೈತಿ. ಅದರಾಗ ನಕಾಶಿ ನೋಡಿ ದಾರಿ ಹಿಡಿಯೂ ಪರೀಕ್ಷಾ. ಕಾಳಿ ಹೊಳಿ ದಂಡ್ಯಾಗ ಬೆಳೆದ ನನಗ ಹೊಳಿ ಯಾವ ಕಡೆ ಐತಿ ಅಂದ್ರ ಸಾಕು, ಉಳದದ್ದೆಲ್ಲಾ ತಿಳೀತೈತಿ. ಇವರು ನಮ್ಮ ಹತ್ತ ಮಂದಿ ತುಕಡೀನ ಒಯ್ದು ಬಿಟ್ಟದ್ದು ಮರುಭೂಮ್ಯಾಗ. ಕುಡ್ಯಾಕ ನೀರಿಲ್ಲ, ಹೊಳಿ ಎಲ್ಲಿಂದ ತರೂದು?

ಆಡು ಕಾಯೂ ಮುದುಕ ಒಬ್ಬಾಂವ ಸಿಕ್ಕ. ದಾರಿ ಕೇಳಿದೆ. ಅಂವ ಹತ್ತೂ ಮಂದೀನ ಮನೀಗೆ ಕರಕೊಂಡ ಹೋಗಿ ಮಜ್ಜಿಗಿ ಕುಡಿಸಿ, ಗುರಿ ಮುಟ್ಟಿಸಿ ಹೋದ. ಉಳದ ತುಕಡಿ ಬರೂದ್ರಾಗ ನಮ್ಮದು ಒಂದ ನಿದ್ದಿ ಆಗಿತ್ತು.

ಸಾಹೇಬ್ರಿಗೆ ಸಂಶೆ ಬಂತು. “ನಕಾಶಿ ಎಲ್ಲಿ ಬಿಚ್ಚಿದ್ರಿ?”

“ಮಜ್ಜಿಗಿ ಕುಡಿಯೂಮುಂದ ಸಾಹೇಬ. ನೆಲಾ ಕಾದಿತ್ತು, ಹಾಸಿಕೊಂಡ ಕುಂತಿವಿ.”

ಮರುವರ್ಷ ಮತ್ತ ಬಾ ಅಂದ್ರು.

೪. ಇಂದೂರಿನ ಹವಾಲ್ದಾರ

ಮರುವರ್ಷ ಪಾಸಾದೆ. ಆದ್ರ ಪಾಸಾದ್ರ ಮುಗೀಲಿಲ್ಲ. ಮ್ಯಾಲಿನಾಂವ ಎದ್ದ ಹೋಗಬೇಕು, ಅವನ ಜಾಗಾದಾಗ ನಾ ಕೂಡಬೇಕು. ನನ್ನ ಮ್ಯಾಲಿನಾಂವ ಮುಂಡಗೋಡ ಕಡೆ ಇಂದೂರಿನಾಂವ. ಪಿಂಚಣಿ ಹತ್ತರ ಬಂದಿತ್ತು, ಆದ್ರ ಇನ್ನೆರಡ ವರ್ಷ ನೌಕರಿ ಬೇಡಬಹುದಿತ್ತು. ನಂದು ಉಳದದ್ದು ಆರ ತಿಂಗಳು.

ದಿನಾ ಊಟಕ್ಕ ಬಾಜೂಕ ಕುಂತು ಇಂದೂರ ಹೊಗಳಿದೆ. ಗದ್ದಿ, ಗೋವಿನಜೋಳ, ಕಟ್ಟಿ ಮ್ಯಾಲಿನ ಹರಟಿ. ಎಂಟ ದಿನಕ್ಕ ಅಂವ ಕಣ್ಣಾಗ ನೀರ ತಂದ. “ಹೋಗೇ ಬಿಡ್ತೇನೋ ತಮ್ಮಾ. ಮನ್ಯಾಗ ಒಂದ ಮಾತು ಕೇಳ್ತೇನಿ.”

ಫೋನ್ ಹಚ್ಚಿದ. ಅವನ ಹೆಂಡ್ತಿ ಎಲ್ಲಾ ಕೇಳಿ ಅಂದ್ಲಂತ, “ಯಾಕ ಅವಸರಾ? ಇಲ್ಲಿ ಎಲ್ಲಾ ಸುಸೂತ್ರ ನಡದೈತಿ. ಬಂದು ಕೆಡಿಸಬ್ಯಾಡ್ರಿ.”

ಅಂವ ಎರಡ ವರ್ಷ ಬೇಡಿ ಅರ್ಜಿ ಹಾಕಿದ.

೫. ಅಕ್ಕಿ ಡಬ್ಬಿ

ನನ್ನ ಪುಣ್ಯಾಕ್ಕ ಅವನಿಗೇ ನಕ್ಷತ್ರ ಬಂದು ಅಂವ ಮ್ಯಾಲೆ ಹೋದ. ನನ್ನ ಅವಧಿ ಮುಗಿಯಾಕ ಹನ್ನೊಂದ ದಿನ ಇದ್ದಾಗ ಜಾಗಾ ಖಾಲಿ ಆತು. ಮೂರನೇ ಪಟ್ಟಿ ನಾನ ಹೊಲಕೊಂಡೆ, ಸೂಜಿ ಮೂರ ಸಲ ಬೆರಳಿಗೆ ಹೋತು. ಪಟ್ಟಿ ಜೋಡಿ ಅವಧಿನೂ ಬೆಳೀತು, ಇನ್ನಷ್ಟ ವರ್ಷ ಹವಾಲ್ದಾರ ಆಗಿ ಮೆರದು ಪಿಂಚಣಿಗೆ ಬಂದೆ. ಹೆಂಡ್ತಿ ಮಾತು ಖರೇ ಮಾಡಿದ್ನಲ್ಲಾ ಅಂತ ಎದಿ ಉಬ್ಬಿಸಿಕೊಂಡ ಕೋಗಿಲಬನದಾಗ ಇಳದೆ.

ನಡತಿ ಛಲೋ ಇದ್ದ ಹವಾಲ್ದಾರಗ ಫೌಜಿನವರು ಪಿಂಚಣಿ ಆದ ಮ್ಯಾಲೆ ಮರ್ಯಾದಿಗೆ ನಾಯಬ್ ಸುಭೇದಾರ ಅಂತ ಹುದ್ದೆ ಕೊಡ್ತಾರ. ನನಗೂ ಆ ಪತ್ರ ಬಂತು. ಒಂದ ಉಸರಿನ್ಯಾಗ ಓಡಿ ಅಡಗಿಮನ್ಯಾಗ ಹೆಂಡ್ತಿ ಕೈಯಾಗ ಇಟ್ಟೆ. ಆಕಿ ಎರಡ ಸಲ ಓದಿ, ಮಡಚಿ, ಅಕ್ಕಿ ಡಬ್ಬಿ ತಳಕ್ಕ ತುರುಕಿ ಮ್ಯಾಲೆ ಅಕ್ಕಿ ಎಳದ್ಲು.

“ಯಾಕ? ಚಾಚಾಗ ತೋರಸೂದಿಲ್ಲೇನು?”

“ಸುಮ್ಮನಿರ್ರಿ,” ಅಂದ್ಲು. “ಊರಾಗ ನಾ ನಿಮ್ಮನ್ನ ಸುಭೇದಾರ ಮೇಜರ್ ಮಾಡಿ ಎಂಟ ತಿಂಗಳಾತು. ಈಗ ಎರಡ ಮೆಟ್ಟಲಾ ಕೆಳಗ ಇಳಿಸ್ಯಾರ ಅಂದ್ರ, ಅಲ್ಲಿ ಏನ ಕದ್ದ ಬಂದಾನೋ ಅಂತಾರ ಮಂದಿ.”